ಹಳೆಯ ಚರಂಡಿ ಕೊಳವೆಯ ಬಾಯಿ

ಊರಿನ ಹಳೆಯ ಬಡಾವಣೆಯೊಂದರಲ್ಲಿ ಅಜ್ಜನ ಕಾಲದಲ್ಲಿ ಕಟ್ಟಿದ ಒಂದು ಮಹಡಿಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಮಹಡಿಯ ಮೇಲೊಂದು ಶೌಚಗೃಹ, ಕೆಳಗೊಂದು. ಓದುವ ಮಕ್ಕಳು ಹೆಚ್ಚಿದಾಗ ಕೆಳಗಿನ ಶೌಚಗೃಹವನ್ನೂ ಅದರ ಪಕ್ಕದ ಉಗ್ರಾಣವನ್ನೂ ಒಂದುಗೂಡಿಸಿ ಓದುವ ಕೋಣೆ ಮಾಡಿದರು. ಕಮೋಡನ್ನು ಕಿತ್ತು ಹೊರಹಾಕಿದರು. ಗೋಡೆಯ ಬುಡದಲ್ಲಿ ನಾಲ್ಕು ಅಂಗುಲ ಅಗಲದ ಎರಕದ ಕಬ್ಬಿಣದ ಕೊಳವೆಯ ಬಾಯಿ ಉಳಿಯಿತು. ಅದಕ್ಕೆ ಗೋಣಿಚೀಲದ ಚೂರೊಂದನ್ನು ತುರುಕಿ, ಮೇಲೆ ಒಂದು ಕರಣೆ ಸಿಮೆಂಟನ್ನು ಮೆತ್ತಿ, ಸುಣ್ಣ ಬಳಿದರು. ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸಿದರು.

ಎರಡು ಬೇಸಗೆಗಳು ಕಳೆದವು. ಮೂರನೆಯ ವರ್ಷ ಆ ಕೋಣೆಯಲ್ಲಿ ಆಗಾಗ ಕೊಳೆತ ಮೊಟ್ಟೆಯ ವಾಸನೆ ಸುಳಿಯತೊಡಗಿತು. ಇಲಿ ಸತ್ತಿರಬಹುದೆಂದು ಪುಸ್ತಕದ ಕಪಾಟನ್ನು ಸರಿಸಿ ನೋಡಿದರು, ಏನೂ ಸಿಕ್ಕಲಿಲ್ಲ. ರಾತ್ರಿ ಕಿಟಕಿ ಮುಚ್ಚಿಕೊಂಡು ಓದುತ್ತಿದ್ದ ಹುಡುಗಿಗೆ ತಲೆನೋವು, ವಾಕರಿಕೆ. ಪರೀಕ್ಷೆಯ ಚಿಂತೆಯಿಂದ ಹೀಗಾಗುತ್ತದೆಂದು ಹಿರಿಯರು ಸಮಾಧಾನ ಹೇಳಿದರು.

ಇಂಥ ಮನೆಗಳು ನಮ್ಮ ನಗರಗಳಲ್ಲಿ ಎಷ್ಟೋ ಇವೆ. ಅಲ್ಲಿ ಆಗಿರುವ ತಪ್ಪು ಒಂದೇ: ಬಳಕೆ ನಿಂತ ಕೊಳವೆಯನ್ನು ಸತ್ತ ಕೊಳವೆಯೆಂದು ತಿಳಿದದ್ದು. ಅದರ ಇನ್ನೊಂದು ತುದಿ ಮಹಡಿಯಿಂದಿಳಿಯುವ ನಿಲುಗೊಳವೆಗೆ ಸೇರಿಯೇ ಇದೆ. ಆ ನಿಲುಗೊಳವೆ ಬೀದಿಯ ಒಳಚರಂಡಿಗೆ ಸೇರಿದೆ. ಹೀಗಾಗಿ ಓದುವ ಕೋಣೆಗೂ ಊರಿನ ಕೊಳೆನೀರಿಗೂ ನಡುವೆ ಇರುವುದು ಒಂದು ಗೋಣಿಚೂರು ಮತ್ತು ಒಂದು ಹೆಕ್ಕಳಿಕೆ ಸಿಮೆಂಟು ಮಾತ್ರ. ಅಂಥ ಬಾಯಿಯನ್ನು ಮುಚ್ಚುವ ಸರಿಯಾದ ಕ್ರಮ ಯಾವುದು, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ಈಗ ವಿಚಾರ ಮಾಡೋಣ.

ಎರಡು ಅಂಗುಲ ನೀರಿನ ಕಾವಲು

ಕಮೋಡು ಇದ್ದಾಗ ಬಾರದ ವಾಸನೆ ಅದನ್ನು ತೆಗೆದ ಮೇಲೆ ಏಕೆ ಬಂದಿತು? ಕಮೋಡಿನ ಒಳಗೆ, ಕೈತೊಳೆಯುವ ಬೇಸಿನ್ನಿನ ಕೆಳಗೆ, ಬಚ್ಚಲಿನ ನೆಲದಲ್ಲಿ, ಎಲ್ಲೆಡೆಯೂ ಕೊಳವೆ ನೇರವಾಗಿ ಚರಂಡಿಗೆ ಇಳಿಯುವುದಿಲ್ಲ. ಒಮ್ಮೆ ಕೆಳಕ್ಕೆ ಬಾಗಿ, ಮತ್ತೆ ಸ್ವಲ್ಪ ಮೇಲಕ್ಕೇರಿ, ಆಮೇಲೆ ಮುಂದುವರಿಯುತ್ತದೆ. ಈ ಬಾಗಿನಲ್ಲಿ ಕೊನೆಯ ಚೊಂಬಿನ ನೀರು ಯಾವಾಗಲೂ ನಿಂತಿರುತ್ತದೆ. ಕೊಳಾಯಿ ಕೆಲಸದವರು ಇದನ್ನು ಟ್ರ್ಯಾಪು ಎನ್ನುತ್ತಾರೆ. ಬಚ್ಚಲಿನ ನೆಲದಲ್ಲಿರುವುದಕ್ಕೆ ನಹಾನಿ ಟ್ರ್ಯಾಪು ಎಂದು ಹೆಸರು. ಅದರಲ್ಲಿ ನಿಂತ ನೀರನ್ನು ನಾವು ಜಲಮುದ್ರೆ ಎಂದು ಕರೆಯಬಹುದು. ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬಾತನು ೧೭೭೫ರಲ್ಲಿ ಶೌಚಪಾತ್ರೆಯ ಕೆಳಗೆ ಇಂಥ ಬಾಗುಗೊಳವೆಯನ್ನು ಜೋಡಿಸುವ ಏರ್ಪಾಡಿಗೆ ಪೇಟೆಂಟು ಪಡೆದನು. ಅಂದಿನಿಂದ ಇಂದಿನವರೆಗೆ ಮೂಲತತ್ತ್ವ ಬದಲಾಗಿಲ್ಲ.

ಜಲಮುದ್ರೆಯ ಆಳ ಸಾಮಾನ್ಯವಾಗಿ ೫ ಸೆಂಟಿಮೀಟರು, ಅಂದರೆ ಎರಡು ಅಂಗುಲ. ಅಷ್ಟು ಎತ್ತರದ ನೀರು ಒಂದು ಚದರ ಸೆಂಟಿಮೀಟರಿನ ಮೇಲೆ ೫ ಗ್ರಾಂ ಭಾರದ ಒತ್ತಡವನ್ನು ಹಾಕುತ್ತದೆ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡವಾದರೋ ಚದರ ಸೆಂಟಿಮೀಟರಿಗೆ ಸುಮಾರು ೧,೦೩೩ ಗ್ರಾಂ. ಜಲಮುದ್ರೆಯ ಬಲ ಅದರ ಇನ್ನೂರರಲ್ಲೊಂದು ಪಾಲು ಮಾತ್ರ. ಚರಂಡಿಯೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿ ವ್ಯತ್ಯಾಸವಾಗದಂತೆ ಕೊಳವೆಗಳನ್ನು ಜೋಡಿಸಿರುವುದರಿಂದಲೇ ಇಷ್ಟು ಅಲ್ಪವಾದ ಕಾವಲು ಸಾಕಾಗುತ್ತದೆ.

ಈ ಕಾವಲು ತಪ್ಪುವ ಬಗೆಗಳು ಮೂರು. ಬಳಸದೆ ಬಿಟ್ಟ ಟ್ರ್ಯಾಪಿನ ನೀರು ಬೇಸಗೆಯಲ್ಲಿ ಕೆಲವು ವಾರಗಳಲ್ಲಿ ಆವಿಯಾಗಿ ಹೋಗಬಹುದು. ನಿಲುಗೊಳವೆಯಲ್ಲಿ ಒಮ್ಮೆಲೆ ಇಳಿಯುವ ನೀರು ತನ್ನ ಹಿಂದೆ ಗಾಳಿಯನ್ನು ಸೆಳೆಯುವಾಗ ಪಕ್ಕದ ಟ್ರ್ಯಾಪಿನ ನೀರೂ ಹೀರಿಹೋಗಬಹುದು. ಮೂರನೆಯದೇ ನಮ್ಮ ಮನೆಯಲ್ಲಾದದ್ದು. ಕಮೋಡಿನಲ್ಲಿ ಟ್ರ್ಯಾಪು ಪಾತ್ರೆಯ ಅಂಗವಾಗಿಯೇ ಇರುತ್ತದೆ. ಪಾತ್ರೆಯನ್ನು ತೆಗೆದೊಡನೆ ಕಾವಲುಗಾರನನ್ನೂ ತೆಗೆದಂತಾಯಿತು.

ವಾಸನೆ ಸದಾ ಬಾರದೆ ಆಗಾಗ ಬರುತ್ತಿದ್ದುದಕ್ಕೂ ಕಾರಣವುಂಟು. ಮಹಡಿಯ ಶೌಚಗೃಹದಿಂದ ಬಿಟ್ಟ ನೀರು ನಿಲುಗೊಳವೆಯಲ್ಲಿ ಇಳಿಯುವಾಗ ಪಿಚಕಾರಿಯ ದಂಡದಂತೆ ತನ್ನ ಮುಂದಿರುವ ಗಾಳಿಯನ್ನು ಒತ್ತುತ್ತದೆ. ಒತ್ತಲ್ಪಟ್ಟ ಗಾಳಿ ಕೆಳಗಿನ ಕವಲಿನಲ್ಲಿ ಸಿಕ್ಕ ಬಿರುಕಿನಿಂದ ಹೊರಬರುತ್ತದೆ. ಮೇಲೆ ನೀರು ಬಿಟ್ಟ ಹೊತ್ತಿಗೂ ಕೆಳಗೆ ವಾಸನೆ ಬಂದ ಹೊತ್ತಿಗೂ ತಾಳೆ ನೋಡಿದ್ದರೆ ಮನೆಯವರಿಗೆ ಮೊದಲ ದಿನವೇ ಗುಟ್ಟು ತಿಳಿಯುತ್ತಿತ್ತು.

ಒಳಬರುವುದು ಏನು?

ಕೊಳೆನೀರಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹಲವು ಅನಿಲಗಳನ್ನು ಹುಟ್ಟಿಸುತ್ತವೆ. ಅವುಗಳಲ್ಲಿ ಮುಖ್ಯವಾದವು ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್. ಮೀಥೇನಿಗೆ ವಾಸನೆಯಿಲ್ಲ; ಗಾಳಿಯಲ್ಲಿ ಅದು ಶೇಕಡಾ ೫ರಿಂದ ೧೫ರವರೆಗೆ ಬೆರೆತಿದ್ದರೆ ಒಂದು ಕಿಡಿಗೂ ಸ್ಫೋಟಿಸಬಲ್ಲದು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಎಷ್ಟೋ ಕಡಿಮೆಯಿದ್ದರೂ ನಮ್ಮ ಮೂಗು ಅದನ್ನು ಗುರುತಿಸುತ್ತದೆ. ಆದರೆ ಹತ್ತು ಲಕ್ಷಕ್ಕೆ ಸುಮಾರು ನೂರು ಭಾಗವಾದಾಗ ವಾಸನೆಯ ನರವೇ ಜಡವಾಗುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದು ತಿಳಿಯುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ. ಬೀದಿಯ ಮ್ಯಾನ್‌ಹೋಲುಗಳಿಗೆ ಇಳಿದ ಕೆಲಸಗಾರರು ಪ್ರಾಣ ಕಳೆದುಕೊಳ್ಳುವುದು ಬಹುಮಟ್ಟಿಗೆ ಈ ಅನಿಲದಿಂದ. ರಕ್ಷಣೆಯ ಸಲಕರಣೆಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸುವುದನ್ನು ನಮ್ಮ ದೇಶದಲ್ಲಿ ೨೦೧೩ರ ಕಾಯಿದೆ ನಿಷೇಧಿಸಿದೆ. ಮನೆಯ ಕೋಣೆಯೊಳಗೆ ಸೋರುವ ಪ್ರಮಾಣ ಸಾಮಾನ್ಯವಾಗಿ ಬಹಳ ಸ್ವಲ್ಪ. ಅದು ಪ್ರಾಣಕ್ಕೆ ಎರವಾಗದಿದ್ದರೂ ತಲೆನೋವು, ವಾಕರಿಕೆ, ಕಣ್ಣುರಿಗಳಿಗೆ ಸಾಕು.

ಅನಿಲ ಮಾತ್ರವಲ್ಲ, ಕೆಲವೊಮ್ಮೆ ರೋಗವೂ ಈ ದಾರಿಯಲ್ಲಿ ಬರಬಲ್ಲದು. ೨೦೦೩ರ ಮಾರ್ಚ್ ತಿಂಗಳಲ್ಲಿ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗ ಹಬ್ಬಿ ಮುನ್ನೂರಕ್ಕೂ ಹೆಚ್ಚು ಜನರಿಗೆ ತಗಲಿತು. ತನಿಖೆ ಮಾಡಿದವರ ಗಮನವನ್ನು ಸೆಳೆದ ಸಂಗತಿಗಳಲ್ಲಿ ಒಂದು ಬಚ್ಚಲಿನ ನೆಲದ ಟ್ರ್ಯಾಪು. ನಿವಾಸಿಗಳು ನೆಲಕ್ಕೆ ನೀರು ಹೊಯ್ಯದೆ ಬಟ್ಟೆಯಿಂದ ಒರೆಸುವ ರೂಢಿಯವರಾದುದರಿಂದ ಅನೇಕ ಮನೆಗಳ ಟ್ರ್ಯಾಪುಗಳು ಒಣಗಿದ್ದವು. ಬಚ್ಚಲಿನ ಗಾಳಿಯನ್ನು ಹೊರದೂಡುವ ಪಂಖ ತಿರುಗಿದಾಗ ಕೋಣೆಯ ಒತ್ತಡ ತಗ್ಗಿ, ನಿಲುಗೊಳವೆಯೊಳಗಿನ ಕಲುಷಿತ ತುಂತುರು ಮನೆಯೊಳಕ್ಕೆ ಸೆಳೆಯಲ್ಪಟ್ಟಿತೆಂದು ಅವರು ತೀರ್ಮಾನಿಸಿದರು. ಎರಡು ಅಂಗುಲ ನೀರು ಇಲ್ಲದೆ ಹೋದದ್ದು ಎಷ್ಟು ದೊಡ್ಡ ಅನಾಹುತಕ್ಕೆ ದಾರಿಮಾಡಿತೆಂಬುದಕ್ಕೆ ಇದೊಂದು ನಿದರ್ಶನ.

ಕೊಳವೆಯ ಸ್ವಭಾವ

ಮುಚ್ಚುವ ಮುನ್ನ ಕೊಳವೆಯ ಸ್ವಭಾವವನ್ನು ಅರಿಯಬೇಕು. ಎರಕದ ಕಬ್ಬಿಣದಲ್ಲಿ ಶೇಕಡಾ ೨ಕ್ಕಿಂತ ಹೆಚ್ಚು, ಸಾಮಾನ್ಯವಾಗಿ ೩ರಿಂದ ೪ರವರೆಗೆ, ಇಂಗಾಲವಿರುತ್ತದೆ. ಆದುದರಿಂದ ಅದು ಉಕ್ಕಿಗಿಂತ ಕಡಿಮೆ ಶಾಖದಲ್ಲಿ ಕರಗಿ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಕೊಳವೆ ಎರೆಯಲು ಬಲು ಅನುಕೂಲ. ಭದ್ರಾವತಿಯಲ್ಲಿ ೧೯೨೩ರಲ್ಲಿ ಕೆಲಸ ಆರಂಭಿಸಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಲ್ಲಿಯೂ ಕೆಮ್ಮಣ್ಣುಗುಂಡಿಯ ಅದುರಿನಿಂದ ಪಡೆದ ಕಬ್ಬಿಣದಿಂದ ಇಂಥ ಕೊಳವೆಗಳನ್ನು ಎರೆಯುತ್ತಿದ್ದರು.

ತಣಿಯುವಾಗ ಇಂಗಾಲದ ಬಹುಭಾಗ ಗ್ರಾಫೈಟಿನ ತೆಳು ಹಾಳೆಗಳಾಗಿ ಕಬ್ಬಿಣದ ನಡುನಡುವೆ ಸೇರಿಕೊಳ್ಳುತ್ತದೆ. ಈ ಹಾಳೆಗಳು ಒಳಬಿರುಕುಗಳಂತೆ ವರ್ತಿಸುವುದರಿಂದ ಎರಕದ ಕಬ್ಬಿಣ ಒತ್ತುವ ಭಾರವನ್ನು ಚೆನ್ನಾಗಿ ತಾಳಿದರೂ ಪೆಟ್ಟು ತಾಳದು, ಬಗ್ಗದೆ ಸೀಳುತ್ತದೆ. ಇನ್ನೊಂದು ವಿಚಿತ್ರವುಂಟು. ಬಹುಕಾಲ ಕೊಳೆನೀರು ಸೋಕಿದ ಕೊಳವೆಯಲ್ಲಿ ಕಬ್ಬಿಣ ಕರಗಿ ಹೋಗಿ, ಗ್ರಾಫೈಟು ಮತ್ತು ತುಕ್ಕು ಮಾತ್ರ ಮೊದಲಿನ ಆಕಾರವನ್ನೇ ಉಳಿಸಿಕೊಂಡು ನಿಂತಿರಬಹುದು. ನೋಡಲು ಕೊಳವೆ ಅಖಂಡ. ಚಾಕುವಿನಿಂದ ಕೆರೆದರೆ ಸೀಸದ ಕಡ್ಡಿಯಂತೆ ಮೆತ್ತಗೆ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ಬಾರಿಸಿ ಕೊಳ್ಳುವಂತೆ ಇಲ್ಲಿಯೂ ಮರದ ಹಿಡಿಯಿಂದ ಮೆಲ್ಲನೆ ತಟ್ಟಿ ನೋಡಬೇಕು. ಗಟ್ಟಿ ಕೊಳವೆ ಕಣ್ಣೆಂದು ನುಡಿಯುತ್ತದೆ. ಸವೆದದ್ದು ಅಥವಾ ಸೀಳಿದ್ದು ಬೊದ್ದೆನ್ನುತ್ತದೆ.

ಹಳೆಯ ಕೊಳವೆಗಳ ಜೋಡಣೆಯೂ ಅರಿಯತಕ್ಕದ್ದೇ. ಒಂದು ಕೊಳವೆಯ ಅಗಲವಾದ ಸಾಕೆಟ್ಟಿನೊಳಗೆ ಇನ್ನೊಂದರ ನೇರ ತುದಿಯನ್ನು ಇಳಿಸಿ, ಸಂದಿಯ ಆಳಕ್ಕೆ ಸೆಣಬಿನ ಹುರಿಯನ್ನು ಜಡಿದು, ಮೇಲೆ ಕರಗಿಸಿದ ಸೀಸವನ್ನು ಸುರಿಯುತ್ತಿದ್ದರು. ಸೀಸ ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಗಟ್ಟಿಯಾಗುವಾಗ ನೂರಕ್ಕೆ ಮೂರು ಭಾಗಕ್ಕೂ ಹೆಚ್ಚು ಕುಗ್ಗುತ್ತದೆ. ಆದುದರಿಂದ ಸುರಿದು ಬಿಟ್ಟರೆ ಸಾಲದು; ತಣಿದ ಮೇಲೆ ಮೊಂಡು ಉಳಿಯಿಂದ ಸುತ್ತಲೂ ಬಡಿದು ಸಂದಿಗೆ ಒತ್ತಿ ಕೂರಿಸಬೇಕು. ಮೃದುವಾದ ಸೀಸ ಈ ಬಡಿತಕ್ಕೆ ಹರಡಿ ಎರಡು ಕಬ್ಬಿಣಗಳ ನಡುವಿನ ಎಳೆಯಷ್ಟು ಜಾಗವನ್ನೂ ತುಂಬುತ್ತದೆ. ಇದು ನುರಿತವರ ಕೆಲಸ. ಸಾಕೆಟ್ಟಿನಲ್ಲಿ ಒಂದು ಹನಿ ನೀರಿದ್ದರೂ ಅದು ತಟಕ್ಕನೆ ಸಾವಿರಾರು ಪಟ್ಟು ಹಿಗ್ಗಿ ಆವಿಯಾಗಿ ಕಾದ ಸೀಸವನ್ನು ಮುಖಕ್ಕೆ ಎರಚುತ್ತದೆ. ಸೀಸದ ಹೊಗೆಯೂ ವಿಷ. ವಿದ್ಯಾರ್ಥಿಗಳು ಮನೆಯಲ್ಲಿ ಇದನ್ನು ಪ್ರಯತ್ನಿಸಲೇಬಾರದು.

ಮುಚ್ಚುವ ಮುನ್ನ ಮೂರು ಪ್ರಶ್ನೆ

ಮೊದಲನೆಯದು: ಈ ಕೊಳವೆ ನಿಜವಾಗಿಯೂ ನಿರುಪಯೋಗಿಯೆ? ಮನೆಯ ಪ್ರತಿಯೊಂದು ಬಚ್ಚಲಿಗೂ ಬೇಸಿನ್ನಿಗೂ ಒಂದೊಂದಾಗಿ ನೀರು ಬಿಟ್ಟು, ಈ ಬಾಯಿಯಲ್ಲಿ ನೀರು ಹಾಯುವುದೇ ಎಂದು ನೋಡಬೇಕು. ಮರೆತುಹೋದ ಒಂದು ಕವಲು ಇದಕ್ಕೇ ಸೇರಿದ್ದರೆ, ಮುಚ್ಚಿದ ಮರುದಿನ ಆ ನೀರು ಬೇರೆಲ್ಲೋ ಉಕ್ಕುತ್ತದೆ. ಹಲವು ಮನೆಗಳಿಗೆ ಒಂದೇ ನಿಲುಗೊಳವೆಯಿರುವ ಕಟ್ಟಡದಲ್ಲಿ ಉಳಿದವರಿಗೆ ತಿಳಿಸದೆ ಕೈಹಾಕಕೂಡದು.

ಎರಡನೆಯದು: ಇದು ಗಾಳಿಗೊಳವೆಯಲ್ಲ ತಾನೆ? ತಾರಸಿಯ ಮೇಲೆ ಜಾಲರಿಯ ಟೊಪ್ಪಿಗೆ ಹಾಕಿಕೊಂಡು, ಯಾವ ನೀರನ್ನೂ ಸಾಗಿಸದೆ ನಿಂತ ಕೊಳವೆಯನ್ನು ಕಂಡು, ಇದೂ ವ್ಯರ್ಥವೆಂದು ಮುಚ್ಚಿಬಿಡುವವರುಂಟು. ಆದರೆ ಇಳಿಯುವ ನೀರಿನ ಹಿಂದೆ ಗಾಳಿಯನ್ನು ತುಂಬಿ ಒತ್ತಡವನ್ನು ಸಮಮಾಡುವುದು ಅದೇ ಕೊಳವೆ. ಅದನ್ನು ಮುಚ್ಚಿದರೆ ಮನೆಯ ಟ್ರ್ಯಾಪುಗಳು ಗಳಗಳ ಸದ್ದು ಮಾಡುತ್ತ ತಮ್ಮ ನೀರನ್ನು ಕಳೆದುಕೊಳ್ಳುತ್ತವೆ. ಒಂದು ಬಾಯಿಯನ್ನು ಮುಚ್ಚಿ ಹತ್ತು ಬಾಯಿಗಳನ್ನು ತೆರೆದಂತಾಗುತ್ತದೆ.

ಮೂರನೆಯದು: ಮುಚ್ಚಳವನ್ನು ಹೊರುವಷ್ಟು ಶಕ್ತಿ ಈ ಕೊಳವೆಗೆ ಉಳಿದಿದೆಯೆ? ತಟ್ಟಿದಾಗ ಬೊದ್ದೆನ್ನುವ ಭಾಗವನ್ನು ಕೊಯ್ದು ತೆಗೆದು, ಗಟ್ಟಿಯಾದ ಭಾಗ ಸಿಕ್ಕುವವರೆಗೆ ಹಿಂದಕ್ಕೆ ಹೋಗಬೇಕು.

ಗೋಣಿ ಮತ್ತು ಸಿಮೆಂಟು ಏಕೆ ಸಾಲದು?

ಒಂದು ಸಣ್ಣ ಲೆಕ್ಕ ಮಾಡೋಣ. ನಿಲುಗೊಳವೆಯ ಬುಡದ ತಿರುವಿನಲ್ಲಿ ಎಂದಾದರೊಮ್ಮೆ ಕಸ ಕಟ್ಟಿಕೊಂಡಿತೆನ್ನೋಣ. ಮಹಡಿಯಿಂದ ಬಂದ ನೀರು ಹೊರಹೋಗಲಾರದೆ ಕೊಳವೆಯಲ್ಲಿ ಮೇಲೇರುತ್ತದೆ. ನಮ್ಮ ಮುಚ್ಚಳದ ಮೇಲೆ ೩ ಮೀಟರು ಎತ್ತರದ ನೀರು ನಿಂತರೆ ಒತ್ತಡ ಚದರ ಸೆಂಟಿಮೀಟರಿಗೆ ೩೦೦ ಗ್ರಾಂ. ಕೊಳವೆಯ ಬಾಯಿಯ ವ್ಯಾಸ ೧೦ ಸೆಂಟಿಮೀಟರು. ಅದರ ವಿಸ್ತೀರ್ಣ ಸುಮಾರು ೭೮.೫ ಚದರ ಸೆಂಟಿಮೀಟರು. ಇವೆರಡನ್ನೂ ಗುಣಿಸಿದರೆ ೨೩,೫೫೦ ಗ್ರಾಂ, ಅಂದರೆ ಸುಮಾರು ಇಪ್ಪತ್ತಮೂರೂವರೆ ಕಿಲೋಗ್ರಾಂ ಭಾರ. ಅಕ್ಕಿಯ ಚೀಲವೊಂದರಷ್ಟು ಭಾರ ಒಳಗಿನಿಂದ ದೂಡುತ್ತಿರುವಾಗ ಒಂದು ಕರಣೆ ಸಿಮೆಂಟು ನಿಲ್ಲುವುದೆ?

ಅಂಥ ದಿನ ಬಾರದಿದ್ದರೂ ಅದು ತಾನಾಗಿಯೇ ಕೆಡುತ್ತದೆ. ತೇವದಲ್ಲಿ ಗೋಣಿ ಕೊಳೆಯುತ್ತದೆ. ಸಿಮೆಂಟು ಒಣಗುವಾಗ ಕುಗ್ಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದು ಹಿಡಿದುಕೊಂಡಿರುವುದು ಕಬ್ಬಿಣವನ್ನಲ್ಲ, ಕಬ್ಬಿಣದ ಮೇಲಿನ ತುಕ್ಕನ್ನು. ತುಕ್ಕು ಪದರಪದರವಾಗಿ ಕಳಚಿದಾಗ ಸಿಮೆಂಟೂ ಸಡಿಲವಾಗುತ್ತದೆ. ಸಾಲದುದಕ್ಕೆ, ಒದ್ದೆ ಮೈಯ ಮೇಲೆ ವಾಸಿಸುವ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡನ್ನು ಗಂಧಕಾಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಸಿಮೆಂಟಿನ ಸುಣ್ಣಾಂಶವನ್ನು ಮೆದುವಾದ ಜಿಪ್ಸಮ್ಮಾಗಿ ಬದಲಿಸುತ್ತದೆ.

ಸರಿಯಾದ ಮುಚ್ಚಳ

ಎಲ್ಲಿ ಮುಚ್ಚಬೇಕು? ಸಾಧ್ಯವಾದ ಮಟ್ಟಿಗೆ ನಿಲುಗೊಳವೆಯ ಹತ್ತಿರದಲ್ಲಿ. ಕೋಣೆಯಲ್ಲಿ ಮುಚ್ಚಿ ಉದ್ದನೆಯ ಕುರುಡು ಕವಲನ್ನು ಹಾಗೆಯೇ ಬಿಟ್ಟರೆ ಅದರಲ್ಲಿ ರೊಚ್ಚು ತಂಗಿ ಕೊಳೆಯುತ್ತದೆ. ಕವಲನ್ನು ಸಂಪೂರ್ಣವಾಗಿ ಬಿಚ್ಚಿ, ನಿಲುಗೊಳವೆಯ ಸಾಕೆಟ್ಟಿಗೇ ಬಿರಡೆಯನ್ನು ಕೂರಿಸುವುದು ಎಲ್ಲಕ್ಕಿಂತ ಉತ್ತಮ. ಆದರೆ ಅದಕ್ಕೆ ಅನುಭವಿಯಾದ ಕೆಲಸಗಾರ ಬೇಕು. ನಾಲ್ಕು ಅಂಗುಲದ ಎರಕದ ಕೊಳವೆ ಒಂದು ಮೀಟರಿಗೆ ಹತ್ತು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಕೊಯ್ಯುವ ಮುನ್ನ ಉಳಿಯುವ ಭಾಗಕ್ಕೆ ಗಟ್ಟಿಯಾದ ಆಧಾರ ಕೊಡದಿದ್ದರೆ ಮೇಲಿನ ಜೋಡಣೆಗಳು ಸಡಿಲಗೊಳ್ಳುತ್ತವೆ. ಸುತ್ತಿಗೆಯಿಂದ ಒಡೆಯುವ ಆತುರವಂತೂ ಸಲ್ಲದು. ಸೀಳು ಎಲ್ಲಿಯವರೆಗೆ ಓಡುವುದೆಂದು ಯಾರೂ ಹೇಳಲಾರರು. ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆರೆದಿರಬೇಕು, ದೀಪ ಬೀಡಿಗಳು ಹತ್ತಿರ ಬರಬಾರದು, ಮಹಡಿಯಲ್ಲಿ ಯಾರೂ ನೀರು ಬಿಡಬಾರದು. ಕೊಯ್ಯುವ ಯಂತ್ರದಿಂದ ಕಿಡಿ ಹಾರುವುದಾದರೆ ಕೊಳವೆಯೊಳಗಿನ ಅನಿಲ ಚದರುವಂತೆ ಸಾಕಷ್ಟು ಹೊತ್ತು ಮುಂಚೆಯೇ ಗಾಳಿಯಾಡಿಸಬೇಕು. ತಾತ್ಕಾಲಿಕವಾಗಿ ಬಾಯಿಗೆ ಬಟ್ಟೆ ತುರುಕುವುದಾದರೆ ಅದಕ್ಕೊಂದು ಹಗ್ಗ ಕಟ್ಟಿರಬೇಕು. ಒಳಕ್ಕೆ ಜಾರಿದ ಬಟ್ಟೆ ಮುಂದಿನ ಅಡಚಣೆಗೆ ಬೀಜವಾಗುತ್ತದೆ.

ಕವಲನ್ನು ಬಿಚ್ಚಲು ಆಗದಿದ್ದರೆ ಎರಡು ಸುಲಭ ಸಾಧನಗಳಿವೆ. ಒಂದು, ಹಿಗ್ಗುವ ರಬ್ಬರು ಬಿರಡೆ. ಎರಡು ಗಟ್ಟಿ ಬಿಲ್ಲೆಗಳ ನಡುವೆ ದಪ್ಪನೆಯ ರಬ್ಬರು ಬಳೆಯಿದ್ದು, ನಡುವಿನ ತಿರುಪನ್ನು ಬಿಗಿದಂತೆ ಬಿಲ್ಲೆಗಳು ಸಮೀಪಿಸುತ್ತವೆ. ರಬ್ಬರಿನ ಆಕಾರ ಬದಲಾದರೂ ಗಾತ್ರ ಬಹುಮಟ್ಟಿಗೆ ಕುಗ್ಗುವುದಿಲ್ಲ. ಆದ್ದರಿಂದ ಅದು ಪಕ್ಕಕ್ಕೆ ಉಬ್ಬಿ ಕೊಳವೆಯ ಒಳಮೈಯನ್ನು ಸುತ್ತಲೂ ಒತ್ತಿ ಹಿಡಿಯುತ್ತದೆ. ಇನ್ನೊಂದು, ಕೊಯ್ದ ತುದಿಯ ಹೊರಗೆ ತೊಡಿಸುವ ರಬ್ಬರು ಟೊಪ್ಪಿಗೆ. ಅದರ ಮೇಲೆ ತುಕ್ಕು ಹಿಡಿಯದ ಉಕ್ಕಿನ ಪಟ್ಟಿಯನ್ನು ಬಿಗಿಯುತ್ತಾರೆ. ಯಾವುದಾದರೂ ಸರಿ, ಕೊಳವೆಯ ಮೈಯನ್ನು ತಂತಿಯ ಕುಂಚದಿಂದ ತಿಕ್ಕಿ ತುಕ್ಕಿನ ಗಂಟುಗಳನ್ನು ತೆಗೆದ ಮೇಲೆಯೇ ಕೂರಿಸಬೇಕು. ಒಂದು ಗಂಟಿನ ಪಕ್ಕದಲ್ಲಿ ಉಳಿದ ಸಂದು ಇಡೀ ಶ್ರಮವನ್ನು ವ್ಯರ್ಥಗೊಳಿಸುತ್ತದೆ. ಕೈಗವಸು ಮತ್ತು ಕನ್ನಡಕ ಇರಲೇಬೇಕು. ರಬ್ಬರಿಗೂ ವಯಸ್ಸಾಗುವುದರಿಂದ ಅದನ್ನು ಗಾರೆಯಲ್ಲಿ ಹೂಳದೆ, ಮುಂದೊಂದು ಸಣ್ಣ ಬಾಗಿಲಿಟ್ಟು, ವರ್ಷಕ್ಕೊಮ್ಮೆ ನೋಡಿ ತಿರುಪನ್ನು ಬಿಗಿಮಾಡುವಂತಿರಬೇಕು.

ಪರೀಕ್ಷೆ

ಮುಚ್ಚಿದ್ದಾಯಿತು, ಬಿಗಿಯಾಗಿದೆಯೆಂದು ತಿಳಿಯುವುದು ಹೇಗೆ? ಊದುಬತ್ತಿ ಹಚ್ಚಿ ಕೊಳವೆಯ ಬಳಿ ಹಿಡಿಯುವುದು ಅವಿವೇಕ. ಮೀಥೇನಿನ ಮಾತನ್ನು ನಾವು ಮರೆಯಬಾರದು. ಕೊಳಾಯಿ ಕೆಲಸದವರ ಹಳೆಯ ಉಪಾಯವೊಂದಿದೆ. ಒಬ್ಬರು ತಾರಸಿಯ ಮೇಲೆ ಗಾಳಿಗೊಳವೆಯ ಬಾಯಿಂದ ಸ್ವಲ್ಪ ಪೆಪ್ಪರ್‌ಮಿಂಟ್ ಎಣ್ಣೆಯನ್ನೂ ಅದರ ಹಿಂದೆಯೇ ಒಂದು ಬಕೆಟ್ಟು ಬಿಸಿನೀರನ್ನೂ ಸುರಿಯುತ್ತಾರೆ. ಇನ್ನೊಬ್ಬರು ಕೆಳಗಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕಾಯುತ್ತಾರೆ. ಬಿಸಿನೀರಿನಿಂದ ಎಣ್ಣೆ ಆವಿಯಾಗಿ ಕೊಳವೆಗಳಲ್ಲೆಲ್ಲ ಹಬ್ಬುತ್ತದೆ. ಕೋಣೆಯಲ್ಲಿ ಅದರ ಪರಿಮಳ ಸುಳಿದರೆ ಎಲ್ಲೋ ಸಂದಿದೆ. ಸುಳಿಯದಿದ್ದರೆ ಕೆಲಸ ಸರಿಯಾಗಿದೆ. ಎಣ್ಣೆ ಮುಟ್ಟಿದವರು ಮಾತ್ರ ಪರೀಕ್ಷೆ ಮುಗಿಯುವತನಕ ಕೆಳಗಿಳಿಯಬಾರದು. ಅವರ ಕೈಯ ವಾಸನೆಯೇ ಸುಳ್ಳುಸಾಕ್ಷಿ ಹೇಳುತ್ತದೆ.

ಮುಚ್ಚಿದ ಸ್ಥಳವನ್ನೂ ದಿನಾಂಕವನ್ನೂ ಮನೆಯ ನಕ್ಷೆಯ ಮೇಲೆ ಗುರುತು ಹಾಕಿಡುವುದು ಒಳ್ಳೆಯದು. ಮುಂದೆ ಮನೆಯನ್ನು ಬದಲಿಸುವವರು ನಮ್ಮ ಮೊಮ್ಮಕ್ಕಳೇ ಆಗಿರಬಹುದು.

ಮನೆಯಲ್ಲಿ ಇನ್ನೂ ಬಳಕೆಯಲ್ಲಿದ್ದು ಅಪರೂಪಕ್ಕೆ ನೀರು ಕಾಣುವ ಬಚ್ಚಲುಗಳಿದ್ದರೆ, ಅತಿಥಿಗಳ ಕೋಣೆಯದೋ ಮಹಡಿಯದೋ, ವಾರಕ್ಕೊಮ್ಮೆ ಅವಕ್ಕೆ ಒಂದೊಂದು ಚೊಂಬು ನೀರು ಹೊಯ್ಯಬೇಕು. ರಜೆಯಲ್ಲಿ ಊರಿಗೆ ಹೊರಡುವ ಮುನ್ನ ಆ ನೀರಿನ ಮೇಲೆ ಒಂದೆರಡು ಚಮಚ ಅಡುಗೆಯ ಎಣ್ಣೆ ಬಿಟ್ಟರೆ ಅದು ಬೇಗ ಆರುವುದಿಲ್ಲ. ಇದಕ್ಕೆ ಕೆಲಸಗಾರರೂ ಬೇಕಿಲ್ಲ, ಖರ್ಚೂ ಇಲ್ಲ. ಓದುಗರಲ್ಲಿ ಯಾರಾದರೂ ಇಂದು ಸಂಜೆ ತಮ್ಮ ಮನೆಯನ್ನು ಒಮ್ಮೆ ಸುತ್ತಿ, ಯಾವ ಬಾಯಿಗೆ ನೀರಿನ ಕಾವಲಿದೆ, ಯಾವುದಕ್ಕೆ ಮುಚ್ಚಳವಿದೆ, ಯಾವುದಕ್ಕೆ ಎರಡೂ ಇಲ್ಲ ಎಂದು ಎಣಿಸಿ ನೋಡಿದರೆ ಈ ಲೇಖನದ ಉದ್ದೇಶ ನೆರವೇರಿದಂತಾಯಿತು.